ಸೀಮೆಸುಣ್ಣವನ್ನೇರಿದ ಬಣ್ಣಗಳು

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಒಂದು ಮರದ ಬೀರು. ಅದರೊಳಗೆ ಹತ್ತು ಹದಿನೈದು ಪ್ರನಾಳಗಳು, ಎರಡು ಬೀಕರು, ಒಂದು ತಕ್ಕಡಿ, ಲಿಟ್ಮಸ್ ಕಾಗದದ ಪೊಟ್ಟಣ ಮತ್ತು ಒಂದೇ ಒಂದು ಸ್ಪಿರಿಟ್ ದೀಪ ಇದ್ದವು. ಬೀಗದ ಕೈ ನಮ್ಮ ವಿಜ್ಞಾನ ಮೇಷ್ಟ್ರ ಜನಿವಾರದಲ್ಲಿ ನೇತಾಡುತ್ತಿತ್ತು. ಬೀರು ತೆರೆದ ದಿನ ನಮಗೆ ಹಬ್ಬ.

ಅಂಥ ಒಂದು ದಿನ ಮೇಷ್ಟ್ರು ಎಲ್ಲರಿಗೂ ಒಂದೊಂದು ಹೊಸ ಸೀಮೆಸುಣ್ಣ ಕೊಟ್ಟರು. ಬುಡದಿಂದ ಒಂದು ಬೆರಳಗಲ ಮೇಲೆ ಕಪ್ಪು ಇಂಕಿನಿಂದ ಸುತ್ತಲೂ ಗೆರೆ ಎಳೆಯಿರಿ ಎಂದರು. ಆಮೇಲೆ ತಟ್ಟೆಯಲ್ಲಿ ಅರ್ಧ ಬೆರಳು ನೀರು ಹಾಕಿ, ಗೆರೆ ನೀರಿಗೆ ಮುಳುಗದ ಹಾಗೆ ಸೀಮೆಸುಣ್ಣಗಳನ್ನು ನಿಲ್ಲಿಸಿದರು. ನೀರು ಮೆಲ್ಲನೆ ಮೇಲೇರಿತು. ಅದರ ಜೊತೆ ಇಂಕೂ ಏರಿತು. ನೋಡನೋಡುತ್ತ ಕಪ್ಪು ಗೆರೆ ಕಪ್ಪಾಗಿ ಉಳಿಯಲಿಲ್ಲ. ಮೇಲೆ ನೀಲಿ, ಅದರ ಕೆಳಗೆ ನೇರಳೆ, ಬುಡದ ಹತ್ತಿರ ಒಂದು ಮಾಸಲು ಕಂದು. ಹುಡುಗರೆಲ್ಲ ಹೋ ಎಂದರು.

ನನ್ನ ಸೀಮೆಸುಣ್ಣದಲ್ಲಿ ಮಾತ್ರ ಏನೂ ಆಗಲಿಲ್ಲ. ನನ್ನ ಇಂಕ್ ಪೆನ್ನಿನ ನಿಬ್ಬು ಮುರಿದು ತಿಂಗಳಾಗಿತ್ತು. ಹೊಸದು ಕೊಡಿಸಿ ಎಂದು ಮನೆಯಲ್ಲಿ ಕೇಳುವ ಸ್ಥಿತಿ ಇರಲಿಲ್ಲ. ಅಣ್ಣನ ಹಳೆಯ ರೀಫಿಲ್ ಪೆನ್ನಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಗೆರೆ ಎಳೆದಿದ್ದೆ. ನೀರು ಅದನ್ನು ದಾಟಿ ಮೇಲೆ ಹೋಯಿತು. ಗೆರೆ ಇದ್ದಲ್ಲೇ ಇತ್ತು. ಪಕ್ಕದವನು ನಕ್ಕ, ಬೆಂಚೆಲ್ಲ ನಕ್ಕಿತು. ಮೇಷ್ಟ್ರು ಬಂದು ಸೀಮೆಸುಣ್ಣವನ್ನು ಎತ್ತಿ ನೋಡಿ, ನನ್ನ ಜೇಬನ್ನೂ ನೋಡಿದರು. ಬೈಯಲಿಲ್ಲ. ಬೀರುವಿನಿಂದ ಸ್ಪಿರಿಟ್ ದೀಪ ತಂದು, ಬತ್ತಿ ತೆಗೆದು, ಅದರಲ್ಲಿದ್ದ ಸ್ಪಿರಿಟನ್ನು ಒಂದು ಲೋಟಕ್ಕೆ ಸುರಿದರು. ಇನ್ನೊಂದು ಸೀಮೆಸುಣ್ಣಕ್ಕೆ ನನ್ನ ಕೈಯಿಂದಲೇ ಅದೇ ರೀಫಿಲ್ ಪೆನ್ನಿನಲ್ಲಿ ಗೆರೆ ಎಳೆಸಿ ಅದರಲ್ಲಿ ನಿಲ್ಲಿಸಿದರು. ಈ ಸಲ ಗೆರೆ ಮೇಲೆದ್ದಿತು, ನೀಲಿಯೊಂದು ಕಡೆ, ನೇರಳೆಯೊಂದು ಕಡೆ ಆಯಿತು.

"ಬೇರೆ ಆಗಲಿಲ್ಲ ಅಂದ್ರೆ ಒಂದೇ ಇದೆ ಅಂತ ಅಲ್ಲ ಕಣೋ. ನಾವು ಕೇಳಿದ ರೀತಿ ಸರಿ ಇರಲಿಲ್ಲ ಅಷ್ಟೆ" ಎಂದರು ಮೇಷ್ಟ್ರು.

ಆ ತಿಂಗಳು ಮತ್ತೆ ಸ್ಪಿರಿಟ್ ದೀಪ ಉರಿಯಲಿಲ್ಲ. ದೀಪದ ಸ್ಪಿರಿಟ್ ಎಲ್ಲಿ ಹೋಯಿತೆಂದು ಮುಖ್ಯೋಪಾಧ್ಯಾಯರು ಕೇಳಿದ್ದು, ಮೇಷ್ಟ್ರು ಸ್ಟಾಕ್ ರಿಜಿಸ್ಟರಿನಲ್ಲಿ "ಪ್ರಯೋಗಕ್ಕೆ ಬಳಸಲಾಗಿದೆ" ಎಂದು ಬರೆದು ಸಹಿ ಹಾಕಿದ್ದು ನಮಗೆ ಜವಾನರಿಂದ ತಿಳಿಯಿತು.

ಸ್ಮರಣ ಸಂಚಿಕೆಗೆ ನಿಮ್ಮ ವೃತ್ತಿಯ ಬಗ್ಗೆ ಏನಾದರೂ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಸೀಮೆಸುಣ್ಣ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ್ದು ಬೇರೇನೂ ಅಲ್ಲ, ಅದೇ ಕೆಲಸ. ರಾಸಾಯನಿಕಗಳನ್ನು ಕುದಿಸಿ, ಬೆರೆಸಿ, ಹುಟ್ಟಿದ ಮಿಶ್ರಣದಲ್ಲಿ ಯಾವುದು ಬೇಕಾದದ್ದು ಯಾವುದು ಬೇಡದ್ದು ಎಂದು ಬೇರೆ ಮಾಡುವುದು. ಈ ವಿದ್ಯೆಗೆ ಕ್ರೊಮ್ಯಾಟೊಗ್ರಫಿ ಎಂದು ಹೆಸರು. ಕನ್ನಡದಲ್ಲಿ ವರ್ಣರೇಖನ ಎನ್ನುತ್ತಾರೆ. ಅದು ಹುಟ್ಟಿ ಬೆಳೆದ ಕಥೆಯನ್ನು ನಮ್ಮೂರಿನವರಿಗೂ ಈಗ ಓದುತ್ತಿರುವ ಮಕ್ಕಳಿಗೂ ಅರ್ಥವಾಗುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಜಾತ್ರೆಯ ಬೀದಿ

ಬೇರ್ಪಡಿಸುವುದು ನಮ್ಮ ರೈತರಿಗೆ ಹೊಸದಲ್ಲ. ಕಣದಲ್ಲಿ ತೂರಿದರೆ ಹೊಟ್ಟು ಗಾಳಿಗೆ ಹಾರುತ್ತದೆ, ಕಾಳು ಕಾಲಬುಡಕ್ಕೆ ಬೀಳುತ್ತದೆ. ಮೊರದಲ್ಲಿ ಕೇರಿದರೆ ಕಲ್ಲು ಉಳಿಯುತ್ತದೆ. ಜರಡಿ ಹಿಡಿದರೆ ನುಚ್ಚು ಬೇರೆ, ಹಿಟ್ಟು ಬೇರೆ. ತೂಕ, ಗಾತ್ರ ಬೇರೆ ಇದ್ದರೆ ಇಷ್ಟು ಸಾಕು. ಆದರೆ ಎರಡು ವಸ್ತುಗಳು ಒಂದೇ ಬಣ್ಣದ ಪುಡಿಯಾಗಿದ್ದು, ಒಂದೇ ನೀರಿನಲ್ಲಿ ಕರಗಿ, ಹೆಚ್ಚುಕಡಿಮೆ ಒಂದೇ ತೂಕದ ಅಣುಗಳಾಗಿದ್ದರೆ ಜರಡಿ ಎಲ್ಲಿಂದ ತರುವುದು?

ಜಾತ್ರೆಯ ಬೀದಿಯನ್ನು ನೆನೆಸಿಕೊಳ್ಳಿ. ತೇರಿನ ಹತ್ತಿರದಿಂದ ಇಬ್ಬರು ಒಟ್ಟಿಗೆ ಹೊರಟರು ಎನ್ನೋಣ. ಜನರ ನೂಕು ಇಬ್ಬರನ್ನೂ ಮುಂದಕ್ಕೆ ತಳ್ಳುತ್ತಿದೆ. ಒಬ್ಬನಿಗೆ ಅಂಗಡಿಗಳ ಮೇಲೆ ಆಸೆ ಇಲ್ಲ, ಸೀದಾ ನಡೆದ. ಇನ್ನೊಬ್ಬ ಬಳೆ ಅಂಗಡಿಯಲ್ಲಿ ನಿಂತ, ಬೆಂಡು ಬತ್ತಾಸಿನ ಹತ್ತಿರ ನಿಂತ, ಆಟಿಕೆಯ ಹತ್ತಿರ ನಿಂತ. ಬೀದಿಯ ಕೊನೆ ಬರುವ ಹೊತ್ತಿಗೆ ಒಬ್ಬ ಬಸ್ ಸ್ಟ್ಯಾಂಡಿನಲ್ಲಿ, ಇನ್ನೊಬ್ಬ ಇನ್ನೂ ಅರ್ಧ ದಾರಿಯಲ್ಲಿ. ಯಾರೂ ಅವರನ್ನು ಎಳೆದು ಬೇರೆ ಮಾಡಲಿಲ್ಲ. ಅವರವರ ಸ್ವಭಾವವೇ ಬೇರೆ ಮಾಡಿತು.

ಕ್ರೊಮ್ಯಾಟೊಗ್ರಫಿ ಎಂದರೆ ಇಷ್ಟೇ. ಅಂಗಡಿ ಬೀದಿಯ ಜಾಗದಲ್ಲಿ ಅಲುಗದೆ ನಿಂತ ಒಂದು ಪದಾರ್ಥ ಇರುತ್ತದೆ: ಸೀಮೆಸುಣ್ಣ, ಸಿಲಿಕಾ ಪುಡಿ ಅಥವಾ ಕಾಗದ. ಜನರ ನೂಕಿನ ಜಾಗದಲ್ಲಿ ಹರಿಯುವ ದ್ರಾವಕ ಅಥವಾ ಅನಿಲ ಇರುತ್ತದೆ. ನಿಂತದ್ದಕ್ಕೆ ಹೆಚ್ಚು ಅಂಟಿಕೊಳ್ಳುವ ಅಣು ಹಿಂದೆ ಉಳಿಯುತ್ತದೆ, ಹರಿಯುವುದನ್ನು ಹೆಚ್ಚು ಮೆಚ್ಚುವ ಅಣು ಮುಂದೆ ಹೋಗುತ್ತದೆ.

ಬಣ್ಣ ಎಂಬ ಹೆಸರಿನ ಮನುಷ್ಯ

ಈ ಉಪಾಯವನ್ನು ಮೊದಲು ಸರಿಯಾಗಿ ಅರ್ಥಮಾಡಿಕೊಂಡು ಬಳಸಿದವನು ರಸಾಯನ ವಿಜ್ಞಾನಿಯಲ್ಲ, ಸಸ್ಯವಿಜ್ಞಾನಿ. ಮಿಖಾಯಿಲ್ ತ್ಸ್ವೆತ್ ಹುಟ್ಟಿದ್ದು 1872ರಲ್ಲಿ, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯದವರು, ತಾಯಿ ಇಟಲಿಯವರು. ಹೆತ್ತ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡರು. ಹುಡುಗ ಬೆಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ. 1896ರಲ್ಲಿ ಜಿನೀವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ತಂದೆಯ ದೇಶಕ್ಕೆ ಬಂದರೆ, ಹೊರದೇಶದ ಪದವಿಗೆ ಅಲ್ಲಿ ಮಾನ್ಯತೆ ಇರಲಿಲ್ಲ. ಡಾಕ್ಟರೇಟ್ ಆದವನು ಮತ್ತೆ ಕೂತು ಸ್ನಾತಕೋತ್ತರ ಪದವಿಗೆ ಪ್ರಬಂಧ ಬರೆಯಬೇಕಾಯಿತು. ಆಮೇಲೆ ಆಗ ರಷ್ಯದ ಆಡಳಿತದಲ್ಲಿದ್ದ ವಾರ್ಸಾದಲ್ಲಿ ಕೆಲಸ ಸಿಕ್ಕಿತು.

ತ್ಸ್ವೆತ್ ಕೇಳಿಕೊಂಡ ಪ್ರಶ್ನೆ ಸರಳವಾದದ್ದು. ಎಲೆಯ ಹಸಿರಿನಲ್ಲಿ ನಿಜವಾಗಿ ಎಷ್ಟು ವಸ್ತುಗಳಿವೆ? ಇದಕ್ಕಾಗಿ ಆತ ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿದ. 1903ರ ಮಾರ್ಚ್ 21ರಂದು ವಾರ್ಸಾದ ನಿಸರ್ಗವಿಜ್ಞಾನಿಗಳ ಸಂಘದಲ್ಲಿ ಈ ಹೊಸ ವಿಧಾನದ ಬಗ್ಗೆ ಉಪನ್ಯಾಸ ಮಾಡಿದ. ಸಪೂರವಾದ ಗಾಜಿನ ಕೊಳವೆಯೊಳಗೆ ನುಣ್ಣನೆಯ ಸುಣ್ಣದ ಪುಡಿಯನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಬಿಗಿಯಾಗಿ ತುಂಬಿ ಎಲೆಯ ಸಾರವನ್ನು ಮೇಲಿಂದ ಸುರಿಯುವುದು, ಅದರ ಹಿಂದೆ ಶುದ್ಧ ದ್ರಾವಕವನ್ನು ಇಳಿಬಿಡುವುದು ಅವನ ಕ್ರಮವಾಯಿತು. ಹಸಿರು ಸಾರ ಕೆಳಗಿಳಿಯುತ್ತ ಪಟ್ಟೆ ಪಟ್ಟೆಯಾಗಿ ಒಡೆಯಿತು. ಹಳದಿ ಪಟ್ಟೆಗಳು, ನೀಲಿ ಬೆರೆತ ಒಂದು ಹಸಿರು, ಹಳದಿ ಬೆರೆತ ಇನ್ನೊಂದು ಹಸಿರು. ಕ್ಲೋರೊಫಿಲ್ ಒಂದಲ್ಲ, ಎರಡು ಎಂದು ಅಲ್ಲಿ ಕಣ್ಣಿಗೇ ಕಾಣುತ್ತಿತ್ತು. ಪುಡಿಯ ಕಂಬವನ್ನು ಹೊರಗೆ ತಳ್ಳಿ, ಚಾಕುವಿನಿಂದ ಪಟ್ಟೆಗಳನ್ನು ಕತ್ತರಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ತೊಳೆದು ತೆಗೆಯಬಹುದಿತ್ತು.

1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಪತ್ರಿಕೆಯಲ್ಲಿ ಎರಡು ಲೇಖನ ಬರೆದು ಈ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಬಣ್ಣದ ಬರಹ ಎಂದರ್ಥ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೂ ಬಣ್ಣವೇ. ತನ್ನ ಹೆಸರನ್ನೇ ಗುಟ್ಟಾಗಿ ಸೇರಿಸಿಟ್ಟನೇನೋ ಎಂದು ನಮ್ಮ ವೃತ್ತಿಯವರು ಇಂದಿಗೂ ನಗುತ್ತಾರೆ. ಹಾಗೆಂದು ಈ ವಿಧಾನ ಬಣ್ಣದ ವಸ್ತುಗಳಿಗೆ ಮಾತ್ರ ಸೀಮಿತವಲ್ಲವೆಂದು ಆತನಿಗೆ ಗೊತ್ತಿತ್ತು.

ಇಷ್ಟು ಒಳ್ಳೆಯ ಉಪಾಯವನ್ನು ಜಗತ್ತು ಎತ್ತಿಕೊಂಡು ಮೆರೆಸಬೇಕಿತ್ತು. ಆದದ್ದು ಬೇರೆ. ಆಗ ಕ್ಲೋರೊಫಿಲ್ ವಿಷಯದಲ್ಲಿ ದೊಡ್ಡ ಹೆಸರು ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್. 1915ರಲ್ಲಿ ಸಸ್ಯಗಳ ಬಣ್ಣಗಳ ಸಂಶೋಧನೆಗಾಗಿ ನೊಬೆಲ್ ಪಡೆದವರು. ಅವರು ಮತ್ತು ಅವರ ಸಹಾಯಕ ಸ್ಟೋಲ್ ತ್ಸ್ವೆತ್‌ನ ಪ್ರಯೋಗವನ್ನು ತಮ್ಮಲ್ಲಿ ಮಾಡಿ ನೋಡಿದರು. ಆದರೆ ಬಳಸಿದ ಪುಡಿ ತೀರ ತೀಕ್ಷ್ಣವಾದದ್ದು. ಅದು ಕ್ಲೋರೊಫಿಲ್ಲನ್ನೇ ಕೆಡಿಸಿತು. ವಿಧಾನವೇ ನಂಬಲರ್ಹವಲ್ಲ ಎಂಬ ಅಭಿಪ್ರಾಯ ಹರಡಿತು. ತ್ಸ್ವೆತ್ ಮೆದುವಾದ ಸುಣ್ಣವನ್ನು ಆರಿಸಿಕೊಂಡದ್ದು ನೂರು ಪುಡಿಗಳನ್ನು ನೋಡಿದ ಮೇಲೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜೊತೆಗೆ, ಆಗಿನ ರಸಾಯನಶಾಸ್ತ್ರಜ್ಞರಿಗೆ ವಸ್ತುವೆಂದರೆ ಹರಳುಗಟ್ಟಿ ಕೈಗೆ ಸಿಗಬೇಕು, ತೂಗಲು ಬರಬೇಕು. ಸಸ್ಯವಿಜ್ಞಾನಿಯೊಬ್ಬ ಕೊಳವೆಯಲ್ಲಿ ತೋರಿಸುವ ಬಣ್ಣದ ಪಟ್ಟೆ ಅವರಿಗೆ ಸಾಕ್ಷಿ ಅನ್ನಿಸಲಿಲ್ಲ.

ಮೊದಲ ಮಹಾಯುದ್ಧ ಬಂದಿತು. 1915ರಲ್ಲಿ ಜರ್ಮನ್ ಸೈನ್ಯ ವಾರ್ಸಾಕ್ಕೆ ನುಗ್ಗಿದಾಗ ತ್ಸ್ವೆತ್ ಊರು ಬಿಟ್ಟ. ಮಾಸ್ಕೋ, ನಿಜ್ನಿ ನೊವ್ಗೊರೊದ್, ಯೂರಿಯೆವ್, ಕೊನೆಗೆ ವೊರೊನೆಝ್. ಊರಿಂದೂರಿಗೆ ಅಲೆದಾಟ, ಜೊತೆಗೆ ಕೆಡುತ್ತಿದ್ದ ಆರೋಗ್ಯ. 1918ರ ನೊಬೆಲ್ ಬಹುಮಾನಕ್ಕೆ ಅವನ ಹೆಸರು ಸೂಚಿತವಾಗಿತ್ತು, ಬಹುಮಾನ ಬರಲಿಲ್ಲ. 1919ರ ಜೂನ್ ತಿಂಗಳಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟು ಹೊತ್ತಿಗೆ ಆತನ ವಿಧಾನವನ್ನು ಬಳಸುತ್ತಿದ್ದವರು ಜಗತ್ತಿನಲ್ಲಿ ಬೆರಳೆಣಿಕೆಯ ಮಂದಿ.

ಒಂದೆಂದುಕೊಂಡದ್ದು ಎರಡಾಯಿತು

ಹನ್ನೆರಡು ವರ್ಷದ ನಂತರ ಜರ್ಮನಿಯ ಹೈಡಲ್‌ಬರ್ಗ್ ನಗರದಲ್ಲಿ ರಿಚರ್ಡ್ ಕೂನ್ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಎಡ್ಗರ್ ಲೆಡರರ್ ಎಂಬ ಯುವಕ ಕೆಲಸ ಮಾಡುತ್ತಿದ್ದ. ಗಜ್ಜರಿಯ ಕೆಂಪು ಹಳದಿ ಬಣ್ಣ, ಮೊಟ್ಟೆಯ ಹಳದಿಯ ಬಣ್ಣ ಇವು ಅವರ ವಿಷಯ. 1910ರಲ್ಲಿ ತ್ಸ್ವೆತ್ ರಷ್ಯನ್ ಭಾಷೆಯಲ್ಲಿ ಬರೆದಿದ್ದ ಪುಸ್ತಕದ ಜರ್ಮನ್ ಅನುವಾದದ ಹಸ್ತಪ್ರತಿಯೊಂದು ಅಲ್ಲಿತ್ತು. ಅದನ್ನು ಮಾಡಿಸಿಟ್ಟುಕೊಂಡಿದ್ದವರು ಬೇರಾರೂ ಅಲ್ಲ, ವಿಲ್‌ಸ್ಟೆಟರ್. ಅವರಿಂದ ಅವರ ಶಿಷ್ಯ ಕೂನ್‌ಗೆ ಬಂದಿತ್ತು. ಒಪ್ಪದವರ ಕೈಯಲ್ಲೇ ಬೀಜ ಉಳಿದಿತ್ತು.

ಲೆಡರರ್ ಅದನ್ನು ಓದಿ ಪ್ರಯೋಗಕ್ಕೆ ಇಳಿದ. 1931ರಲ್ಲಿ ಕೂನ್, ವಿಂಟರ್‌ಸ್ಟೈನ್ ಮತ್ತು ಲೆಡರರ್ ಪ್ರಕಟಿಸಿದ ಫಲಿತಾಂಶಗಳು ಎಲ್ಲರ ಕಣ್ಣು ತೆರೆಸಿದವು. ಗಜ್ಜರಿಯ ಕ್ಯಾರೊಟೀನ್ ಒಂದೇ ವಸ್ತು ಎಂದು ಅದುವರೆಗೆ ನಂಬಿದ್ದರು. ಅದು ಹರಳುಗಟ್ಟುತ್ತಿತ್ತು, ಅದಕ್ಕೊಂದು ಸೂತ್ರವೂ ಇತ್ತು. ಆದರೆ ಕೊಳವೆಯಲ್ಲಿ ಇಳಿಸಿದಾಗ ಆಲ್ಫಾ, ಬೀಟಾ ಎಂದು ಎರಡಾಗಿ ಒಡೆಯಿತು. ಎರಡಕ್ಕೂ ಒಂದೇ ಸೂತ್ರ, 40 ಕಾರ್ಬನ್, 56 ಹೈಡ್ರೋಜನ್. ವ್ಯತ್ಯಾಸ ಒಂದು ದ್ವಿಬಂಧದ ಜಾಗದಲ್ಲಿ ಮಾತ್ರ. ಸೊಪ್ಪು, ಗಜ್ಜರಿ, ಪರಂಗಿ ಹಣ್ಣು ಕಣ್ಣಿಗೆ ಒಳ್ಳೆಯದೆಂದು ನಾವು ಮಕ್ಕಳಿಗೆ ಹೇಳುವುದರ ಹಿಂದಿರುವುದು ಈ ಕ್ಯಾರೊಟೀನ್, ನಮ್ಮ ದೇಹದಲ್ಲಿ ವಿಟಮಿನ್ ಎ ಆಗುವುದರಿಂದ. ಕ್ಯಾರೊಟೀನ್ ಹಾಗೂ ವಿಟಮಿನ್‌ಗಳ ಸಂಶೋಧನೆಗೆ 1937ರಲ್ಲಿ ಪೌಲ್ ಕಾರರ್‌ಗೆ, 1938ರ ಸಾಲಿನಲ್ಲಿ ಕೂನ್‌ಗೆ ನೊಬೆಲ್ ದೊರೆಯಿತು. ಎರಡರ ಹಿಂದೆಯೂ ತ್ಸ್ವೆತ್‌ನ ಸುಣ್ಣದ ಕೊಳವೆ ಇತ್ತು.

ಕುರಿಯ ಉಣ್ಣೆಯಿಂದ ಕಾಗದಕ್ಕೆ

ಮುಂದಿನ ಹೆಜ್ಜೆ ಇಟ್ಟದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಉಣ್ಣೆ ಉದ್ಯಮದ ಸಂಶೋಧನಾಲಯ. ಉಣ್ಣೆ ಎಂದರೆ ಪ್ರೋಟೀನು. ಅದರಲ್ಲಿ ಯಾವ ಯಾವ ಅಮೈನೋ ಆಮ್ಲ ಎಷ್ಟೆಷ್ಟಿದೆ ಎಂದು ತಿಳಿಯುವುದು ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಗ್ ಅವರ ಕೆಲಸ. (ಸಿಂಗ್ ಎಂದರೂ ಅವರು ಇಂಗ್ಲಿಷರೇ.) ಅಮೈನೋ ಆಮ್ಲಗಳಿಗೆ ಬಣ್ಣವಿಲ್ಲ, ಗುಣದಲ್ಲಿಯೂ ಅಣ್ಣತಮ್ಮಂದಿರಂತೆ ಹತ್ತಿರ. 1941ರಲ್ಲಿ ಅವರು ಸಿಲಿಕಾ ಜೆಲ್‌ನಲ್ಲಿ ನೀರನ್ನು ಹಿಡಿದಿಟ್ಟು, ಅದರ ಮೂಲಕ ಕ್ಲೋರೋಫಾರಂ ಹರಿಸಿ ಬೇರ್ಪಡಿಸುವ ಮಾರ್ಗವನ್ನು ಪ್ರಕಟಿಸಿದರು. ನಿಂತ ನೀರು ಮತ್ತು ಹರಿಯುವ ದ್ರಾವಕದ ನಡುವೆ ಅಣು ಹಂಚಿಹೋಗುವ ಪ್ರಮಾಣವೇ ಇಲ್ಲಿ ಮುಖ್ಯ. ಹರಿಯುವುದು ದ್ರವವೇ ಆಗಬೇಕಿಲ್ಲ, ಅನಿಲವೂ ಆಗಬಹುದು ಎಂದು ಅದೇ ಲೇಖನದಲ್ಲಿ ಬರೆದಿದ್ದರು. ಹತ್ತು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಕೊನೆಗೆ ಮಾರ್ಟಿನ್ ಅವರೇ ಜೇಮ್ಸ್ ಜೊತೆ ಸೇರಿ 1952ರಲ್ಲಿ ಕೊಬ್ಬಿನ ಆಮ್ಲಗಳನ್ನು ಅನಿಲದ ಹರಿವಿನಲ್ಲಿ ಬೇರ್ಪಡಿಸಿ ತೋರಿಸಿದರು. ಅದೇ ವರ್ಷ ಮಾರ್ಟಿನ್, ಸಿಂಗ್ ಇಬ್ಬರಿಗೂ ನೊಬೆಲ್ ಬಂತು.

1944ರಲ್ಲಿ ಕಾನ್ಸ್‌ಡನ್, ಗಾರ್ಡನ್ ಮತ್ತು ಮಾರ್ಟಿನ್ ಕೊಳವೆಯನ್ನೂ ಬಿಟ್ಟು ಬರಿಯ ಸೋಸು ಕಾಗದದ ಮೇಲೆ ಅಮೈನೋ ಆಮ್ಲಗಳನ್ನು ಬೇರೆ ಮಾಡಿದರು. ಬಣ್ಣವಿಲ್ಲದ ಚುಕ್ಕೆಗಳಿಗೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆಯಾಗಿ ಎದ್ದು ಕಾಣುತ್ತಿದ್ದವು. ಒಂದು ಹಾಳೆ ಕಾಗದ, ಒಂದು ಜಾಡಿ, ಒಂದು ರಾತ್ರಿಯ ತಾಳ್ಮೆ ಇಷ್ಟರಿಂದ ದೊಡ್ಡ ದೊಡ್ಡ ಪ್ರಶ್ನೆಗಳಿಗೆ ಉತ್ತರ ಸಿಗತೊಡಗಿತು. ಇನ್ಸುಲಿನ್‌ನ 51 ಅಮೈನೋ ಆಮ್ಲಗಳು ಯಾವ ಕ್ರಮದಲ್ಲಿ ಜೋಡಿಸಿವೆ ಎಂದು ಫ್ರೆಡರಿಕ್ ಸ್ಯಾಂಗರ್ ಬಿಡಿಸಿದ್ದರಲ್ಲಿ ಕಾಗದಕ್ಕೆ ದೊಡ್ಡ ಪಾಲಿದೆ. ಎಲೆ ಗಾಳಿಯ ಇಂಗಾಲವನ್ನು ಸಕ್ಕರೆ ಮಾಡುವ ದಾರಿಯನ್ನು ಮೆಲ್ವಿನ್ ಕ್ಯಾಲ್ವಿನ್ ತಂಡ ಹೆಜ್ಜೆ ಹೆಜ್ಜೆಯಾಗಿ ಗುರುತಿಸಿದ್ದೂ ಕಾಗದದ ಮೇಲಿನ ಚುಕ್ಕೆಗಳಿಂದಲೇ.

ಇಲ್ಲಿ ನಮ್ಮ ನಾಡಿನ ಹೆಸರೊಂದನ್ನು ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರೊಫೆಸರ್ ಕೆ. ವಿ. ಗಿರಿ ಮತ್ತು ಅವರ ಜೊತೆಗಾರರು 1950ರ ದಶಕದ ಆರಂಭದಲ್ಲಿ ವೃತ್ತಾಕಾರದ ಕಾಗದ ಕ್ರೊಮ್ಯಾಟೊಗ್ರಫಿಯನ್ನು ಚೆನ್ನಾಗಿ ಬೆಳೆಸಿದರು. ದುಂಡನೆಯ ಸೋಸು ಕಾಗದದ ನಡುವೆ ದ್ರಾವಕ ಊರುವಂತೆ ಮಾಡಿದರೆ ಅದು ನೀರಿಗೆ ಕಲ್ಲೆಸೆದಾಗಿನ ಅಲೆಯಂತೆ ಸುತ್ತಲೂ ಹರಡುತ್ತದೆ. ಬೇರೆಯಾದ ವಸ್ತುಗಳು ಚುಕ್ಕೆಗಳಾಗದೆ ತೆಳ್ಳನೆಯ ಕಮಾನುಗಳಾಗಿ ನಿಲ್ಲುತ್ತವೆ. ದೊಡ್ಡ ಗಾಜಿನ ತೊಟ್ಟಿ ಬೇಡ, ಮುಚ್ಚಳದ ಗಾಜಿನ ತಟ್ಟೆ ಸಾಕು. ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಮಾಡುವ ಈ ಕ್ರಮ ಹೊರದೇಶದ ವಿಜ್ಞಾನಿಗಳ ಗಮನವನ್ನೂ ಸೆಳೆಯಿತು.

ಗಾಜಿನ ಪಟ್ಟಿ ಮತ್ತು ನನ್ನ ತಪ್ಪು

ಸಾವಯವ ರಸಾಯನದಲ್ಲಿ ದುಡಿಯುವ ನಮ್ಮಂಥವರ ಕೈಗೆ ಬಂದದ್ದು ಇನ್ನೊಂದು ಉಪಕರಣ, ತೆಳು ಪದರ ಕ್ರೊಮ್ಯಾಟೊಗ್ರಫಿ. ನಾವು ಚುಟುಕಾಗಿ ಟಿಎಲ್‌ಸಿ ಎನ್ನುತ್ತೇವೆ. 1938ರಲ್ಲಿ ಖಾರ್ಕಿವ್‌ನಲ್ಲಿ ಇಝ್ಮೈಲೊವ್ ಮತ್ತು ಶ್ರೈಬರ್ ಗಾಜಿನ ಮೇಲೆ ಪುಡಿಯ ತೆಳು ಲೇಪ ಹಚ್ಚಿ ಔಷಧಿ ಗಿಡಗಳ ಸಾರವನ್ನು ಪರೀಕ್ಷಿಸಿದ್ದರು. ಅದನ್ನು ಎಲ್ಲ ಪ್ರಯೋಗಾಲಯಗಳಿಗೂ ಒಗ್ಗಿಸಿದವರು ಜರ್ಮನಿಯ ಎಗಾನ್ ಸ್ಟಾಲ್, 1950ರ ದಶಕದ ಕೊನೆಯ ಭಾಗದಲ್ಲಿ. ಸಿಲಿಕಾ ಪುಡಿ ಗಾಜಿನಿಂದ ಉದುರದಿರಲು ಅದಕ್ಕೆ ಜಿಪ್ಸಂ ಬೆರೆಸುತ್ತಿದ್ದರು. ನಮ್ಮ ಶಾಲೆಗಳ ಎಷ್ಟೋ ಸೀಮೆಸುಣ್ಣಗಳು ಮಾಡಿರುವುದೂ ಜಿಪ್ಸಂನಿಂದಲೇ.

ಒಂದು ಉದಾಹರಣೆ ಕೊಡುತ್ತೇನೆ. ಫೀನಾಲ್‌ಗೆ ತೆಳುವಾದ ನೈಟ್ರಿಕ್ ಆಮ್ಲ ಸೇರಿಸಿದರೆ ಮುಖ್ಯವಾಗಿ ಎರಡು ವಸ್ತುಗಳು ಹುಟ್ಟುತ್ತವೆ, ಆರ್ಥೋ ನೈಟ್ರೋಫೀನಾಲ್ ಮತ್ತು ಪ್ಯಾರಾ ನೈಟ್ರೋಫೀನಾಲ್. ಅಣುಗಳ ತೂಕ ಒಂದೇ, ಇರುವ ಪರಮಾಣುಗಳೂ ಅವೇ. ಆದರೆ ಆರ್ಥೋದಲ್ಲಿ ಎರಡು ಗುಂಪುಗಳು ಅಕ್ಕಪಕ್ಕ ಇರುವುದರಿಂದ ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿರುತ್ತದೆ. ಪ್ಯಾರಾದಲ್ಲಿ ಅವು ಎದುರು ಬದುರು ಇದ್ದು ಕೈಗಳು ಬಿಡುವಾಗಿರುತ್ತವೆ. ಆ ಕೈಗಳಿಂದ ಅದು ಸಿಲಿಕಾವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಪಟ್ಟಿಯ ಮೇಲೆ ಆರ್ಥೋ ಎತ್ತರಕ್ಕೆ ಓಡುತ್ತದೆ, ಪ್ಯಾರಾ ಕೆಳಗೇ ಉಳಿಯುತ್ತದೆ. ದ್ರಾವಕ 7 ಸೆಂಟಿಮೀಟರ್ ಏರಿದಾಗ ಚುಕ್ಕೆ 4.2 ಸೆಂಟಿಮೀಟರ್ ಏರಿದ್ದರೆ 4.2ನ್ನು 7ರಿಂದ ಭಾಗಿಸಿ 0.6 ಎಂದು ಬರೆದಿಡುತ್ತೇವೆ. ಇದನ್ನು ಆರ್‌ಎಫ್ ಬೆಲೆ ಎನ್ನುತ್ತಾರೆ. ಪಟ್ಟಿಯಲ್ಲಿ ಬೇರೆಯಾದದ್ದನ್ನು ಹೆಚ್ಚು ಪ್ರಮಾಣದಲ್ಲಿ ಪಡೆಯಬೇಕಾದರೆ ತ್ಸ್ವೆತ್‌ನ ಹಾಗೆ ಕೊಳವೆಯಲ್ಲಿ ಸಿಲಿಕಾ ತುಂಬಿ ಇಳಿಸಬೇಕು. ಮೊದಲು ಇದಕ್ಕೆ ದಿನವಿಡೀ ಹಿಡಿಯುತ್ತಿತ್ತು. 1978ರಲ್ಲಿ ಅಮೆರಿಕದ ಕ್ಲಾರ್ಕ್ ಸ್ಟಿಲ್ ಮತ್ತು ಜೊತೆಗಾರರು ನುಣುಪಾದ ಸಿಲಿಕಾ ಬಳಸಿ ಮೇಲಿಂದ ಗಾಳಿಯ ಒತ್ತಡ ಕೊಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಅದೇ ಕೆಲಸ ಹತ್ತಿಪ್ಪತ್ತು ನಿಮಿಷಕ್ಕೆ ಬಂದಿತು.

ನಾನು ಬೆಂಗಳೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಒಂದು ಔಷಧಿಯ ನಡುವಿನ ಹಂತದ ವಸ್ತುವನ್ನು ತಯಾರಿಸುವುದು ನನ್ನ ಪಾಲಿಗೆ ಬಂದಿತ್ತು. ಕ್ರಿಯೆ ಮುಗಿಯಿತೇ ಎಂದು ಪಟ್ಟಿ ಓಡಿಸಿದೆ. ನೇರಳಾತೀತ ದೀಪದ ಕೆಳಗೆ ಒಂದೇ ಚುಕ್ಕೆ. ನೋಟ್‌ಬುಕ್ಕಿನಲ್ಲಿ "ಶುದ್ಧ" ಎಂದು ಬರೆದು ಮುಂದಿನವರಿಗೆ ದಾಟಿಸಿದೆ. ನಿಜ ಹೇಳಬೇಕೆಂದರೆ ಚುಕ್ಕೆ ದುಂಡಗಿರಲಿಲ್ಲ, ಕೊಂಚ ಉದ್ದಕ್ಕಿತ್ತು. ಅದನ್ನು ನೋಡಿದ್ದೆ. ನೋಡಿಯೂ ಸುಮ್ಮನಾದೆ. ಹೊಸಬ, ಬೇಗ ಮುಗಿಸಿದೆ ಅನ್ನಿಸಿಕೊಳ್ಳುವ ಆಸೆ.

ಮುಂದಿನ ಹಂತದಲ್ಲಿ ಮೂವರು ಎಂಟು ದಿನ ದುಡಿದರು. ಬರಬೇಕಾದ್ದು ಬರಲಿಲ್ಲ. ತಪ್ಪು ಅವರದೇ ಎಂದು ಎಲ್ಲರೂ ತಿಳಿದಿದ್ದರು, ಅವರೂ ಹಾಗೇ ತಿಳಿದಿದ್ದರು. ಒಂಬತ್ತನೇ ದಿನ ನಮ್ಮ ಮೇಲಿನ ಮೇಡಂ ನನ್ನ ಶೀಶೆಯನ್ನು ತರಿಸಿ ಕೇಳಿದರು: "ಇದನ್ನು ಬೇರೆ ಸಾಲ್ವೆಂಟ್‌ನಲ್ಲಿ ಓಡಿಸಿದ್ರಾ?" ಇಲ್ಲ ಎಂದೆ. ಅವರೇ ದ್ರಾವಕ ಬದಲಿಸಿ, ಪಕ್ಕದಲ್ಲಿ ಮೂಲವಸ್ತುವಿನ ಚುಕ್ಕೆಯನ್ನೂ ಇಟ್ಟು ಓಡಿಸಿದರು. ಒಂದಿದ್ದ ಚುಕ್ಕೆ ಎರಡಾಗಿತ್ತು. ಒಂದು ನನ್ನ ಉತ್ಪನ್ನ, ಇನ್ನೊಂದು ಕ್ರಿಯೆಗೆ ಒಳಗಾಗದೆ ಉಳಿದ ಮೂಲವಸ್ತು. ನಾನು ಬಳಸಿದ ದ್ರಾವಕದಲ್ಲಿ ಎರಡೂ ಒಂದೇ ಎತ್ತರಕ್ಕೆ ಏರುತ್ತಿದ್ದವು.

ಆ ಕ್ಷಣಕ್ಕೆ ನನಗೆ ಕಾಣಿಸಿದ್ದು ಸಿಲಿಕಾ ಪಟ್ಟಿಯಲ್ಲ. ಒಂಬತ್ತನೇ ತರಗತಿಯ ಬೆಂಚು, ಲೋಟದಲ್ಲಿನ ಸ್ಪಿರಿಟ್ಟು ಮತ್ತು ಮೇಷ್ಟ್ರ ಮಾತು. ಆ ಪಾಠವನ್ನು ಮೇಷ್ಟ್ರು ನನಗಾಗಿಯೇ, ನನ್ನ ಮಾನ ಉಳಿಸಲು, ಇಡೀ ಶಾಲೆಯ ಸ್ಪಿರಿಟ್ ಸುರಿದು ಹೇಳಿದ್ದರು. ನಾನು ಅದನ್ನು ಪರೀಕ್ಷೆಗೆ ಬರೆದು ಮರೆತಿದ್ದೆ. ಮೇಡಂ ಮುಂದೆ ಚುಕ್ಕೆ ಉದ್ದಕ್ಕಿದ್ದದ್ದನ್ನು ನೋಡಿದ್ದೆನೆಂದು ಒಪ್ಪಿಕೊಂಡೆ. ಆ ಮೂವರ ಬಳಿ ಹೋಗಿ ತಪ್ಪು ನಿಮ್ಮದಲ್ಲ, ನನ್ನದು ಎಂದೂ ಹೇಳಿದೆ. ಕೆಲಸ ಹೋಗಲಿಲ್ಲ. ಹೋಗಿದ್ದರೂ ದೂರುವಂತಿರಲಿಲ್ಲ. ಅಂದಿನಿಂದ ನಿವೃತ್ತಿಯ ದಿನದವರೆಗೆ ಎರಡು ದ್ರಾವಕದಲ್ಲಿ ಓಡಿಸದೆ, ಮೂಲವಸ್ತುವನ್ನು ಪಕ್ಕದಲ್ಲಿಡದೆ, ಬೆಳಕಿನಲ್ಲೂ ಅಯೋಡಿನ್ ಹೊಗೆಯಲ್ಲೂ ನೋಡದೆ "ಶುದ್ಧ" ಎಂಬ ಪದವನ್ನು ನಾನು ಬರೆಯಲಿಲ್ಲ.

ಮಕ್ಕಳಿಗೊಂದು ಪ್ರಯೋಗ

ಇಂದು ಔಷಧಿ ಕಾರ್ಖಾನೆಗಳಲ್ಲಿ ಹೆಚ್ಚು ಒತ್ತಡದ ದ್ರವ ಕ್ರೊಮ್ಯಾಟೊಗ್ರಫಿಯ ಯಂತ್ರಗಳಿವೆ. ನೀವು ನುಂಗುವ ಜ್ವರದ ಮಾತ್ರೆಯಲ್ಲಿ ಬೇಡದ ಅಂಶ ಎಷ್ಟಿದೆ, ತರಕಾರಿಯ ಮೇಲೆ ಕೀಟನಾಶಕ ಉಳಿದಿದೆಯೇ, ಎಣ್ಣೆಗೆ ಏನು ಬೆರೆಸಿದ್ದಾರೆ ಎಂದು ಅವು ಹೇಳುತ್ತವೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಶಿಖರ ಮೂಡುತ್ತದೆ. ಒಂದೇ ಶಿಖರ ಬಂದರೆ ಒಂದೇ ವಸ್ತು ಎಂದು ಯಂತ್ರವೂ ಖಚಿತವಾಗಿ ಹೇಳಲಾರದು. ಕೇಳುವ ರೀತಿ ಬದಲಿಸಿ ಮತ್ತೆ ಕೇಳಬೇಕಾದವರು ಮನುಷ್ಯರೇ.

ಯಂತ್ರವಿಲ್ಲದಿದ್ದರೂ ತ್ಸ್ವೆತ್ ನೋಡಿದ್ದನ್ನು ನಮ್ಮ ಮಕ್ಕಳು ನೋಡಬಹುದು. ನಾಲ್ಕಾರು ಪಾಲಕ್ ಎಲೆಗಳನ್ನು ಚೂರು ಮಾಡಿ ಕಲ್ಲಿನಲ್ಲಿ ಅರೆದು, ಎರಡು ಚಮಚ ಸ್ಪಿರಿಟ್ ಬೆರೆಸಿ, ಹತ್ತು ನಿಮಿಷ ಬಿಟ್ಟು ಸೋಸಿ. ಗಾಢ ಹಸಿರು ಸಾರ ಸಿಗುತ್ತದೆ. ಅದನ್ನು ಲೋಟದಲ್ಲಿ ಅರ್ಧ ಬೆರಳು ಹಾಕಿ ಒಣಗಿದ ಬಿಳಿ ಸೀಮೆಸುಣ್ಣವನ್ನು ನಿಲ್ಲಿಸಿ. ಹಸಿರು ಮೇಲೇರುತ್ತ ಅದರ ನೆತ್ತಿಯಲ್ಲಿ ಹಳದಿ ಬೇರೆಯಾಗುವುದನ್ನು ಕಾಣುವಿರಿ. ಹತ್ತಿರ ಬೆಂಕಿ, ದೀಪ ಇರಕೂಡದು, ಮೇಷ್ಟ್ರೋ ಮೇಡಮ್ಮೋ ಜೊತೆಯಲ್ಲಿರಬೇಕು. ಹಳದಿ ಕಾಣಿಸದಿದ್ದರೆ ಇಲ್ಲವೆಂದು ಬರೆಯಬೇಡಿ. ಸಾರ ಬಹಳ ಗಟ್ಟಿಯಾಗಿದೆಯೋ, ಸೀಮೆಸುಣ್ಣ ಒದ್ದೆಯೋ ನೋಡಿ, ಇನ್ನೊಮ್ಮೆ ಮಾಡಿ.

ನಮ್ಮ ವಿಜ್ಞಾನ ಮೇಷ್ಟ್ರು ಈಗಿಲ್ಲ. ಪ್ರಯೋಗಾಲಯದಲ್ಲಿ ನನಗಾದ ಈ ಕಥೆಯನ್ನು ಅವರಿಗೆ ಹೇಳಬೇಕೆಂದು ಊರಿಗೆ ಬಂದಾಗಲೆಲ್ಲ ಅಂದುಕೊಳ್ಳುತ್ತಿದ್ದೆ, ನಾಚಿಕೆ ಬಿಡಲಿಲ್ಲ. ಮುಂದಿನ ಸಲ ಎಂದು ಮುಂದೂಡುತ್ತ ಹೋದೆ. ಒಂದು ಸಲ ಬಂದಾಗ ಅವರ ಮನೆಯ ಬಾಗಿಲಿಗೆ ಬೀಗ ಬಿದ್ದಿತ್ತು. ಇಲ್ಲಿ ಬರೆದದ್ದು ಅವರಿಗೆ ಹೇಳಬೇಕಿದ್ದ ಮಾತು. ನಮಗೆ ಅಕ್ಷರ ಕಲಿಸಿದ, ತಪ್ಪಿದಾಗ ನಗದೆ ಪಕ್ಕದಲ್ಲಿ ಕೂತ ಈ ಶಾಲೆಯ ಎಲ್ಲ ಗುರುಗಳಿಗೂ ನಮಸ್ಕಾರ.

ಸುವರ್ಣ ಮಹೋತ್ಸವದ ಸಿದ್ಧತೆಗೆ ಬಂದಿದ್ದಾಗ ಶಾಲೆಯ ಪ್ರಯೋಗಾಲಯಕ್ಕೆ ಸೀಮೆಸುಣ್ಣದ ಹತ್ತು ಪೆಟ್ಟಿಗೆ, ಸೋಸು ಕಾಗದ ಮತ್ತು ಒಂದು ಕ್ಯಾನ್ ಸ್ಪಿರಿಟ್ ಕೊಟ್ಟು ಬಂದಿದ್ದೇನೆ. ಸ್ಟಾಕ್ ರಿಜಿಸ್ಟರಿನಲ್ಲಿ ದಾನ ಎಂದು ಬರೆಯಲು ಹೊರಟಿದ್ದರು. ಬೇಡ, ಹಳೆಯ ಬಾಕಿ ಎಂದು ಬರೆದುಕೊಳ್ಳಿ ಎಂದೆ.